ಚರ್ಮಕ್ಕೆ ತೂಬು ಬಂದದ್ದು

ಲೋಕ ಆಗಿನ್ನೂ ಹೊಸದು. ಯಾವ ಕಡೆಗೆ ನಡೆಯುವುದೆಂದು ಏಡಿಗಳು ಇನ್ನೂ ತೀರ್ಮಾನಿಸಿರಲಿಲ್ಲ.

ಎಲ್ಲರಿಗೂ ಕಣ್ಣಿತ್ತು, ಕಿವಿಯಿತ್ತು, ಮೂಗಿತ್ತು. ಚರ್ಮವೂ ಇತ್ತು, ಆದರೆ ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ಬೆಕ್ಕಿನ ಬೆನ್ನು ಸವರಿದರೂ ಅಷ್ಟೆ, ಬಂಡೆ ಸವರಿದರೂ ಅಷ್ಟೆ.

ಸಮುದ್ರದ ದಂಡೆಯಲ್ಲಿ ಮಂಕಾಳಿ ಎಂಬ ಅಜ್ಜಿಯಿದ್ದಳು. ಉಪ್ಪು ಬೆಳೆಯುವವಳು. ಗದ್ದೆಯ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಕಟ್ಟೆಗೆ ಹಲಗೆಯ ತೂಬು ಇಟ್ಟಿದ್ದಳು. ಉಬ್ಬರ ಬಂದಾಗ ತೂಬು ತೆಗೆದು ಸಮುದ್ರದ ನೀರನ್ನು ಒಳಗೆ ಬಿಡುತ್ತಿದ್ದಳು, ಸಾಕಾದ ಕೂಡಲೇ ಮುಚ್ಚುತ್ತಿದ್ದಳು. ನೀರು ಬಿಸಿಲಿಗೆ ಆರಿ ಉಪ್ಪು ಉಳಿಯುತ್ತಿತ್ತು. ಆ ಬೆಳ್ಳನೆಯ ಉಪ್ಪಿನ ಮೇಲಿನ ಬಿಸಿಲು ನೋಡಿ ನೋಡಿ ಅವಳ ಕಣ್ಣು ಹೋಗಿತ್ತು.

ಅವಳಿಗೊಬ್ಬಳು ಮೊಮ್ಮಗಳು ಹುಟ್ಟಿದಳು. ಮಗಳು ಹೊನ್ನಿ ಕೂಸನ್ನು ತಂದು ಅವಳ ಕೈಯಲ್ಲಿಟ್ಟಳು.

"ಕೊಡೇ, ಎಲ್ಲಿ ಕೂಸು?" ಅಂದಳು ಮಂಕಾಳಿ.

"ಕೊಟ್ಟಾಯ್ತಲ್ಲೇ ಅವ್ವಾ! ನಿನ್ನ ಕೈಯಲ್ಲೇ ಇದೆ. ಅಯ್ಯೋ, ಜಾರ್ತಾ ಇದೆ!"

ಹೊನ್ನಿ ಗಬಕ್ಕನೆ ಕೂಸನ್ನು ಎತ್ತಿಕೊಂಡಳು. ಆಮೇಲೆ ಅಜ್ಜಿಯ ಕೈಗೆ ಕೂಸನ್ನು ಕೊಡಲೇ ಇಲ್ಲ. ಕಣ್ಣಿಗೆ ಕಾಣದ ಮೊಮ್ಮಗಳು ಈಗ ಕೈಗೂ ಇಲ್ಲ. ಪಾಪ, ಮಂಕಾಳಿ ಅತ್ತುಬಿಟ್ಟಳು.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ತನ್ನ ಚರ್ಮವನ್ನೇ ಬೈದಳು.

"ಎಂತ ಚರ್ಮವೋ ನೀನು! ಕೂಸು ಮೈಗೆ ತಾಗಿದ್ದೂ ಹೇಳೂದಿಲ್ಲ."

"ನಾನು ಕಟ್ಟೆ," ಅಂದಿತು ಚರ್ಮ, ಬಹಳ ಗತ್ತಿನಿಂದ. "ಹೊರಗಿನದು ಒಳಗೆ ಬರದ ಹಾಗೆ ಕಾಯೂದೇ ನನ್ನ ಕೆಲಸ."

"ತೂಬೇ ಇಲ್ಲದ ಕಟ್ಟೆ ಕಟ್ಟಿದ್ದೀಯಲ್ಲೋ ಪೆದ್ದಾ! ಸಣ್ಣ ಸಣ್ಣ ತೂಬು ಇಡು. ಯಾರಾದರೂ ಒತ್ತಿದರೆ ಮಾತ್ರ ತೆಗಿ."

"ತೆಗೆದು ಏನನ್ನ ಒಳಗೆ ಬಿಡ್ಲಿ?"

ಅಲ್ಲೇ ಕೇಳುತ್ತಿದ್ದ ಸಮುದ್ರ ನಕ್ಕಿತು. "ನನ್ನ ಉಪ್ಪು ಕೊಡ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಅವು ತೂಬಿನ ಹೊರಗೆ ಕಾದಿರ್ತವೆ. ತೆಗೆದ ಕೂಡಲೇ ಒಳಗೆ ನುಗ್ತವೆ. ನುಗ್ಗಿದಾಗ ಒಂದು ಕಿರುಮಿಂಚು ಹುಟ್ಟಿ ತಲೆಯ ತನಕ ಓಡ್ತದೆ."

ಚರ್ಮ ಕೆಲಸಕ್ಕೆ ಕೂತಿತು. ಎಂಥ ತೂಬುಗಳು ಅಂತೀಯಾ! ಒಂದು ಸಾಸಿವೆ ಕಾಳಿನಷ್ಟು ಜಾಗದಲ್ಲಿ ಸಾವಿರಾರು. ಒತ್ತಿದರೆ ತಾನೇ ಹಿಗ್ಗಿ ತೆರೆಯುವಂಥವು. ಬೆರಳ ತುದಿಗಂತೂ ಧಾರಾಳವಾಗಿ ಇಟ್ಟಿತು. ಯಾವ ಅಕ್ಕಸಾಲಿಯೂ ಇಷ್ಟು ನಾಜೂಕಾಗಿ ಮಾಡಲಾರ.

ಆದರೆ ಒಂದು ಎಡವಟ್ಟಾಯಿತು. ತೂಬು ತೆಗೆದ ಚರ್ಮ ಮುಚ್ಚುವುದನ್ನೇ ಮರೆಯಿತು.

"ಅಯ್ಯಯ್ಯೋ!" ಮಂಕಾಳಿ ಕೂಗಿದಳು. "ಸೀರೆ ತಾಗಿದೆ, ಸೀರೆ ತಾಗಿದೆ ಅಂತ ಮೈಯೆಲ್ಲಾ ಬೊಬ್ಬೆ ಹೊಡೀತಿದೆ! ಗಾಳಿ ಬೇರೆ, ಕೂದಲು ಬೇರೆ. ಈ ಗಲಾಟೆಯಲ್ಲಿ ಕೂಸು ಯಾವುದು ಅಂತ ತಿಳಿಯೂದು ಹೇಗೆ?" ಆಮೇಲೆ ಅವಳಿಗೇ ನಗು ಬಂತು. "ನಮ್ಮ ಹೊನ್ನಿಯೂ ಮೊದಲ ವರ್ಷ ಹೀಗೇ ಮಾಡಿದ್ಲು. ತೂಬು ಮುಚ್ಚೂದು ಮರೆತು ಗದ್ದೆಯ ಉಪ್ಪೆಲ್ಲಾ ಕರಗಿಹೋಯ್ತು. ತೆಗೆದಷ್ಟೇ ಬೇಗ ಮುಚ್ಚಬೇಕೋ ಮಾರಾಯಾ."

ಚರ್ಮ ಪಟಪಟನೆ ಮುಚ್ಚಿತು. ಸೀರೆ ಸುಮ್ಮನಾಯಿತು. ಬೆಳಿಗ್ಗೆ ತೊಟ್ಟ ಅಂಗಿ ಶಾಲೆಗೆ ಹೋಗುವಷ್ಟರಲ್ಲಿ ನಿನಗೆ ಮರೆತೇ ಹೋಗುವುದು ಅದಕ್ಕೇ. ಅಜ್ಜಿಯ ಚರ್ಮವನ್ನು ನೋಡಿ ಎಲ್ಲರ ಚರ್ಮವೂ ತೂಬು ಇಟ್ಟುಕೊಂಡಿತು.

"ಈಗ ಕೊಡು ಹೊನ್ನಿ," ಅಂದಳು ಅಜ್ಜಿ.

"ನನಗೆ ಹೆದರಿಕೆ ಆಗ್ತದೆ ಅವ್ವಾ."

"ನನಗೂ ಆಗ್ತದೆ. ಆದ್ರೂ ಕೊಡು."

ಹೊನ್ನಿ ಕೊಟ್ಟಳು, ಆದರೆ ತನ್ನ ಕೈಯನ್ನು ಕೂಸಿನ ಕೆಳಗೇ ಇಟ್ಟುಕೊಂಡಳು. ಮಂಕಾಳಿಯ ಬೆರಳು ಮೆಲ್ಲಗೆ ಹುಡುಕುತ್ತಾ ಹೋಯಿತು.

"ಇದು ಗಲ್ಲ," ಅಂದಳು. "ಇದು ಮೂಗು. ಅಯ್ಯೋ, ನಿನ್ನ ಹಾಗೇ ಮೊಂಡು ಮೂಗು ಕಣೇ!"

ಹೊನ್ನಿ ಮೆಲ್ಲಗೆ ತನ್ನ ಕೈ ತೆಗೆದಳು. ಕೂಸು ಜಾರಲಿಲ್ಲ.

ಅಜ್ಜಿ ಕೂಸಿನ ಅಂಗೈಯಲ್ಲಿ ಬೆರಳಿಟ್ಟಳು. ಆ ಪುಟ್ಟ ಚರ್ಮದಲ್ಲೂ ತೂಬುಗಳು ತೆರೆದವು, ಉಪ್ಪು ನುಗ್ಗಿತು, ಕಿರುಮಿಂಚು ಓಡಿತು. ಯಾರೂ ಹೇಳಿಕೊಡದೆಯೇ ಆ ಐದು ಬೆರಳುಗಳು ಅಜ್ಜಿಯ ಬೆರಳನ್ನು ಸುತ್ತಿಕೊಂಡವು.

ಇವತ್ತಿಗೂ ಈಗಷ್ಟೇ ಹುಟ್ಟಿದ ಯಾವ ಕೂಸಿನ ಅಂಗೈಯಲ್ಲಾದರೂ ಬೆರಳಿಟ್ಟು ನೋಡು, ನೀನು ಯಾರೆಂದು ಕೇಳದೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.