ಬಾಯೊಳಗಿನ ಗೋಡೆ

"ಕೇಳ್ರಪ್ಪೋ ಕೇಳಿ! ದೊರೆ ಸಿಂಗರಾಯರ ಅಪ್ಪಣೆ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿ ಕಣ್ಣಿಗೆ ಕಾಣುವಂತೆ ತೋರಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ತೆಗೆಯಲಾಗುವುದು!"

ಡಂಗುರ ಆಲೆಮನೆಯ ಬಾಗಿಲಿಗೂ ಬಂತು. ಕಬ್ಬಿನ ಹಾಲಿನ ತೊಟ್ಟಿ ಉಜ್ಜುತ್ತಿದ್ದ ಜವರ ಕೈ ತೊಳೆದುಕೊಂಡು ಎದ್ದ. ಅವನ ತಂಗಿ ಕೆಂಪಿ ರಾಜಕುಮಾರಿಯ ದಾಸಿ. ಈಗ ಸೆರೆಮನೆಯಲ್ಲಿದ್ದಳು, ಅಮಾವಾಸ್ಯೆಗೆ ಅವಳ ತಲೆ ಹೋಗುವುದಿತ್ತು. ಮಾಡಿದ ತಪ್ಪೇನು ಅಂತೀರಿ? ಆ ರಾಜ್ಯದ ಕಟ್ಟಳೆ ಕೇಳಿದರೇ ವಾಕರಿಕೆ ಬರುತ್ತದೆ. ದೊರೆ ದಿನಾ ಆಸ್ಥಾನದಲ್ಲಿ ಎಲ್ಲರ ಬಾಯಿಗೂ ಸಕ್ಕರೆ ಅಚ್ಚು ಇಡುತ್ತಿದ್ದ. ದೊರೆ ಕೊಟ್ಟ ಸಿಹಿಯನ್ನು ಮುಕ್ಕಳಿಸಿ ಉಗುಳಿದರೆ, ಕಡ್ಡಿ ಹಾಕಿ ಉಜ್ಜಿದರೆ ರಾಜದ್ರೋಹ. ಹೀಗೇ ಇಪ್ಪತ್ತು ವರ್ಷ! ರಾಜಕುಮಾರಿ ಹಲ್ಲುನೋವಿಗೆ ಹೊರಳಾಡುವುದನ್ನು ನೋಡಲಾರದೆ ಕೆಂಪಿ ಬೇವಿನ ಕಡ್ಡಿಯಿಂದ ಅವಳ ಒಂದು ಹಲ್ಲು ಉಜ್ಜಿದ್ದಳು, ಅಷ್ಟೇ.

ಆಸ್ಥಾನದ ಹೊಸ್ತಿಲು ದಾಟುತ್ತಲೇ ಜವರ ಒಂದು ಹೆಜ್ಜೆ ಹಿಂದೆ ಸರಿದ. ಥೂ, ಎಂಥ ನಾತ! ಮಂತ್ರಿ ನಕ್ಕರೆ ಕಪ್ಪು ಮೋಟುಗಳು. ಸೇನಾಪತಿ ಬಾಯಿ ತೆರೆದರೆ ಹಳದಿ ಲೋಳೆ ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ಎಳೆಯೆಳೆಯಾಗಿ ಜಗ್ಗುತ್ತಿತ್ತು. ಇಂಥವರು ಜವರನ ಮಾಸಿದ ಪಂಚೆ ನೋಡಿ ಮೂಗು ಮುಚ್ಚಿಕೊಂಡರು, ನೋಡಿ ಅವರ ಸೊಕ್ಕು!

ರಾಜಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು: "ಉತ್ತರ ನನಗೂ ಗೊತ್ತಿಲ್ಲ, ನೋವು ತಾಳಲಾರದೆ ಕೇಳುತ್ತಿದ್ದೇನೆ. ನಾನು ತಿಂದ ಸಕ್ಕರೆಯಲ್ಲೇ ನನ್ನ ಬಾಯೊಳಗೆ ಗೋಡೆ ಕಟ್ಟುವವರು ಯಾರು? ಕಲ್ಲಿನಂಥ ಹಲ್ಲನ್ನು ಉಳಿಯಿಲ್ಲದೆ ಕೊರೆಯುವುದು ಯಾವುದು? ಗುರುವೇ ಇಲ್ಲದೆ ಆ ಗೋಡೆ ಕಟ್ಟುವ ವಿದ್ಯೆ ಅವರಿಗೆ ಎಲ್ಲಿಂದ ಬಂತು?"

ನೆರೆ ರಾಜ್ಯದ ರಾಜಕುಮಾರ ಮೀಸೆ ತಿರುವುತ್ತ ಬಂದು, "ಮೂರಕ್ಕೂ ಒಂದೇ ಉತ್ತರ, ಹಲ್ಲಿನ ಹುಳ" ಎಂದ. ದೊರೆ ತನ್ನ ಬಾಯಿಂದಲೇ ಉದುರಿದ್ದ ಕೊಳೆತ ದವಡೆ ಹಲ್ಲನ್ನು ಅವನ ಅಂಗೈಗೆ ಹಾಕಿ, "ತೋರಿಸು" ಎಂದ. ರಾಜಕುಮಾರ ಅದನ್ನು ಒಡೆದ, ಕೆದಕಿದ, ನಾತ ತಡೆಯದೆ ಅಲ್ಲೇ ವಾಂತಿ ಮಾಡಿಕೊಂಡ. ಹುಳ ಸಿಗಲಿಲ್ಲ. ತಲೆ ಹೋಯಿತು. ಆಮೇಲೆ ಬಂದ ಪಂಡಿತ "ಪೂರ್ವಜನ್ಮದ ಕರ್ಮ" ಎಂದ. ಕರ್ಮವನ್ನು ಎಲ್ಲಿಂದ ತಂದು ತೋರಿಸುತ್ತಾನೆ ಪಾಪ? ಅವನದೂ ಹೋಯಿತು.

ಎರಡು ತಲೆ ಉರುಳಿದ್ದನ್ನು ಜವರ ಕಣ್ಣಾರೆ ನೋಡಿದ್ದ. ಆದರೂ ಮುಂದೆ ಬಂದ.

"ಅಮ್ಮಣ್ಣೋರೆ, ನಿಮ್ಮ ಹಲ್ಲಿನ ಕೊಳೆ ಒಂಚೂರು ಕೆರೆದು ಕೊಡಿ. ಅಮಾಸೆಗೆ ಇನ್ನೂ ನಾಕು ದಿನ ಅದೆ, ಮೂರು ದಿನ ನಂಗೆ ಬುಡಿ."

ರಾಜಕುಮಾರಿ ಉಗುರಿನಿಂದ ತಾನೇ ಕೆರೆದು ಕೊಟ್ಟಳು. ದೊರೆ ಹುಬ್ಬು ಗಂಟಿಕ್ಕಿದ, ಮಗಳೆಂದು ಬಿಟ್ಟುಬಿಟ್ಟ. ಜವರ ಅರ್ಧವನ್ನು ಸಕ್ಕರೆ ನೀರಿನ ಮಡಕೆಗೆ, ಅರ್ಧವನ್ನು ಅಕ್ಕಿಗಂಜಿಯ ಮಡಕೆಗೆ ಹಾಕಿದ. ಸಕ್ಕರೆಯದಕ್ಕೆ ಹಲ್ಲಿನ ಬದಲಿಗೆ ಒಂದು ಕವಡೆಯನ್ನೂ ಬಿಟ್ಟ. ಆಲೆಮನೆಯಿಂದ ಇನ್ನೊಂದು ಮಡಕೆ ಹೊತ್ತು ತಂದ.

ಮೂರನೆಯ ದಿನ ಎಲ್ಲರೆದುರು ಗಂಜಿಯ ಮಡಕೆ ಬೋರಲು ಹಾಕಿದ. ಎಲ್ಲ ಸುರಿದುಹೋಯಿತು. ಸಕ್ಕರೆಯ ಮಡಕೆ ಬೋರಲು ಹಾಕಿದರೆ ನೀರು ಬಿತ್ತು, ಲೋಳೆ ಮಾತ್ರ ಒಳಗೋಡೆಗೆ ಕಚ್ಚಿಕೊಂಡು ಸಿಂಬಳದ ಹಾಗೆ ಜೋತಾಡಿತು.

"ಮೊಸರಿಗೆ ಹೆಪ್ಪು ಹೆಂಗೋ ಹಂಗೆ ಇದೂ ಜೀವ ಇರೋ ಹೆಪ್ಪು, ಕಣ್ಣಿಗೆ ಕಾಣಾಕಿಲ್ಲ. ಸಕ್ಕರೆ ಸಿಕ್ಕರೆ ಅದನ್ನೇ ಎಳೆ ಮಾಡಿ ಹೆಣೆದು ಗೋಡೆ ಕಟ್ಟಿ ಒಳಗೆ ಕೂತ್ಕತವೆ. ಗಂಜೀಲಿ ಕಟ್ಟಾಕಿಲ್ಲ." ಅವನು ಲೋಳೆಯೊಳಗೆ ಕೈ ಹಾಕಿ ಕವಡೆ ಹಿರಿದ. ಅದರ ಹೊಳಪು ಹೋಗಿ ಮೈಯೆಲ್ಲ ತೂತುಬಿದ್ದಿತ್ತು. "ಕೊರೆಯೋದು ಅವು ಉಂಡು ಬಿಡೋ ಹುಳಿ. ಗೋಡೆಯೊಳಗೆ ನಿಂತ ಹುಳೀನ ಉಗುಳೂ ತೊಳೆಯಾಕಿಲ್ಲ."

"ಮೂರನೆಯದು?" ರಾಜಕುಮಾರಿ ಮುಂದೆ ಬಾಗಿದಳು.

"ಕೊಪ್ಪರಿಗೆ ಬೆಳಗಾಕೆ ಹುಳಿ ಬೇಕು ಅಂತ ಹಳೇ ಮಡಕೆಯಿಂದ ಹೊಸ ಕಬ್ಬಿನ ಹಾಲಿಗೆ ಚಿಟಿಕೆ ಹಾಕ್ತಾ ಬಂದೋನು ನಾನು. ಅದೂ ಇದರ ಬಳಗದ್ದೇ, ಪ್ರತಿ ಸಲವೂ ಲೋಳೆ ಕಟ್ತಿತ್ತು. ಒಂದು ಸಲ ಮಾತ್ರ ಹುಳಿ ಬಂತು, ಲೋಳೆ ಬರಲಿಲ್ಲ. ಅದೇ ಹಾಲು, ಅದೇ ಮಡಕೆ! ಅದರಿಂದ ಚಿಟಿಕೆ ತೆಗೆದು ಹೊಸ ಹಾಲಿಗೆ ಹಾಕಿದರೆ ಅದರ ಮಕ್ಕಳು ಮೊಮ್ಮಕ್ಕಳೂ ಕಟ್ಟಲಿಲ್ಲ." ಆ ವಂಶವಿದ್ದ, ಆಲೆಮನೆಯಿಂದ ತಂದ ಮೂರನೆಯ ಮಡಕೆ ಬೋರಲು ಹಾಕಿದ. ಒಂದು ಹನಿಯೂ ಉಳಿಯದೆ ಹರಿದುಹೋಯಿತು. "ಕಟ್ಟೋ ವಿದ್ಯೆ ಬೀಜದಲ್ಲೇ ಅದೆ ಅಮ್ಮಣ್ಣೋರೆ. ತಾಯಿಂದ ಮಗೂಗೆ ಬತ್ತದೆ. ಬೀಜದಲ್ಲಿ ಕೆಟ್ಟರೆ ವಂಶಕ್ಕೇ ಇಲ್ಲ."

"ಗೆದ್ದ!" ಎಂದಳು ರಾಜಕುಮಾರಿ.

ದೊರೆ ಕೈ ಚಾಚಿ, "ಏನು ಬೇಕು? ಅರ್ಧ ರಾಜ್ಯವೇ, ಮಗಳ ಕೈಯೇ?" ಎಂದು ಕೇಳಿದ.

"ನನ್ನ ತಂಗಿ ಕೆಂಪಿ ಬೇಕು ಬುದ್ದಿ."

"ನಮ್ಮ ಸಿಹಿಯನ್ನು ಉಜ್ಜಿ ತೆಗೆದ ದ್ರೋಹಿ ಅವಳು! ಅದೊಂದು ಬಿಟ್ಟು ಕೇಳು."

ಜವರನಿಗೆ ಹೆದರಿಕೆಯೆಲ್ಲ ಹೋಗಿ ಮೈ ಉರಿಯಿತು. ಲೋಳೆಯ ಮಡಕೆಯನ್ನು ಎತ್ತಿ ಸಿಂಹಾಸನದ ತೋಳಿನ ಮೇಲೆ ಕುಕ್ಕಿದ. "ಅವಳು ಉಜ್ಜಿ ತೆಗೆದಿದ್ದು ನಿಮ್ಮ ಸಿಹೀನಲ್ಲ ಬುದ್ದಿ, ಇದನ್ನ. ಮುಟ್ಟಿ ನೋಡಿ."

ದೊರೆ ಬೆರಳು ಅದ್ದಿದ. ಬೆರಳು ಮೇಲೆತ್ತಿದಷ್ಟೂ ಲೋಳೆ ಉದ್ದಕ್ಕೆ ಎಳೆದುಕೊಂಡು ಬಂತು. ಮೆಲ್ಲಗೆ ನಾಲಿಗೆಯನ್ನು ತನ್ನ ಹಲ್ಲಿನ ಮೇಲೆ ಆಡಿಸಿ ನೋಡಿದ. ಮುಖ ಕಿವುಚಿದ.

"ಅವಳನ್ನು ಬಿಡಿ" ಎಂದ. ಮರುಗಳಿಗೆಗೇ ಬಾಯಿಗೆ ಕೈ ಅಡ್ಡ ಹಿಡಿದು, "ನೀರು! ನೀರು ತನ್ನಿ!" ಎಂದು ಕೂಗಿಕೊಂಡ.

ಕಾವಲಿನವರು ಬೇಡಿ ಕಳಚಿ ಕೆಂಪಿಯನ್ನು ಕರೆತಂದರು. ಅಣ್ಣ ತಂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಕಣ್ಣೊರೆಸಿಕೊಂಡರು, ಊರ ದಾರಿ ಹಿಡಿದರು. ಅಷ್ಟು ಹೊತ್ತಿಗೂ ದೊರೆ ಮುಕ್ಕಳಿಸುತ್ತಲೇ ಇದ್ದ.