ನೀಲವ್ವನ ತುಕ್ಕು ಡಬ್ಬ

ಒಂದು ಕುರುಚಲು ಕಾಡಿನ ಅಂಚಿನಲ್ಲಿ ನೀಲವ್ವ ಎಂಬ ಮೊಲ ಅಂಗೈಯಗಲದ ಹೊಲ ಮಾಡಿಕೊಂಡಿದ್ದಳು. ಊರಿನವರು ಎಸೆದದ್ದೆಲ್ಲ ಅವಳಿಗೆ ಬೇಕು. ಹರಿದ ಗೊಬ್ಬರದ ಚೀಲ, ಸವೆದ ಸೈಕಲ್ ಟೈರು, ಏನು ಸಿಕ್ಕರೂ ಮೂಸಿ, ತಿರುಗಿಸಿ, ಬಡಿದು ನೋಡುತ್ತಿದ್ದಳು. "ಮೂರು ದಿನ ಇಟ್ಟು ನೋಡೂಣು. ಯಾವುದಕ್ಕೂ ಬರದಿದ್ದರ ಆಮ್ಯಾಲೆ ಒಗಿಯೂಣು" ಎನ್ನುವುದು ಅವಳ ಪದ್ಧತಿ. ಒಗೆದದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ಟೈರಿನೊಳಗೆ ಮಣ್ಣು ತುಂಬಿ ಮೆಂತ್ಯ ಬೆಳೆದಿದ್ದಳು. ಚೀಲ ಹೊಲಿದು ಮರಿಗಳಿಗೆ ಹಾಸಿಗೆ ಮಾಡಿದ್ದಳು.

ಆ ವರ್ಷ ನೀಲವ್ವ ಶೇಂಗಾ ಬಿತ್ತಿದ್ದಳು. ಬೇಸಿಗೆಯಲ್ಲಿ ಐದು ಮರಿಗಳ ಹೊಟ್ಟೆ ತುಂಬಬೇಕಾದದ್ದು ಅದೊಂದರಿಂದಲೇ. ಕಾಯಿ ಬಲಿಯುತ್ತಿದ್ದಂತೆ ಅದರ ಮೇಲೆ ನರಿಯ ಕಣ್ಣು ಬಿತ್ತು. ದಿನಾ ನಾಲ್ಕು ಗಿಡ ಕಿತ್ತು ತಿಂದು, ಎದುರು ಸಿಕ್ಕಾಗ "ಹೆಗ್ಗಣದ ಕಾಟ ಭಾಳ ಆಗೇದ, ಅಲ್ಲೇನವಾ?" ಎಂದು ಮರುಕ ತೋರಿಸುತ್ತಿತ್ತು.

ಒಂದು ಬೆಳಿಗ್ಗೆ ನೀಲವ್ವನಿಗೆ ತುಕ್ಕು ಹಿಡಿದ ಎಣ್ಣೆ ಡಬ್ಬ ಸಿಕ್ಕಿತು. ಅಲುಗಿಸಿದಳು. ಒಳಗಿದ್ದ ಹರಳುಕಲ್ಲು ಗಡಗಡ ಎಂದಿತು. ಅವಳ ಎರಡೂ ಕಿವಿ ನೆಟ್ಟಗಾದವು. ಇನ್ನೊಂದು ಹಿಡಿ ಹರಳು ಹಾಕಿದರೆ ಹೇಗೆ? ಹಾಕಿ, ಹಳೇ ಹಗ್ಗದಿಂದ ಬೇಲಿಗೆ ತೂಗುಬಿಟ್ಟಳು. ಬೇಲಿ ಮುಟ್ಟಿದರೆ ಸಾಕು, ಕಾಡಿಗೆಲ್ಲ ಕೇಳುತ್ತಿತ್ತು.

ನರಿಗೆ ಗಿಡ ಕೀಳುವ ದಾರಿ ಮುಚ್ಚಿತು. ಸಂಜೆ ನಯವಾಗಿ ಬಂದು ಹೇಳಿತು: "ತಂಗೀ, ತುಕ್ಕು ಹಿಡಿದ ಕಬ್ಬಿಣ ಮನಿ ಮುಂದ ಇದ್ದರ ಶನಿ ಹೆಗಲೇರತಾನ. ಕೊಡು, ನಾನೇ ದೂರ ಒಗದು ಬರತೀನಿ."

"ಇವತ್ತ ಸಿಕ್ಕಿದ್ದು ಅಣ್ಣಾ. ಮೂರು ದಿನ ಆಗಲಿ, ನೋಡೂಣು."

"ಕಸದಾಗ ಏನ ನೋಡತೀಯವಾ?"

"ನೋಡದ ಹೆಂಗ ಕಸ ಅನ್ನೂದಣ್ಣಾ?"

ಮೂರು ದಿನ ಕಾದರೆ ಶೇಂಗಾ ಎಲ್ಲ ಮನೆ ಸೇರುತ್ತದೆಂದು ನರಿಗೆ ಗೊತ್ತಿತ್ತು. ಮರುದಿನ ಮಟಮಟ ಮಧ್ಯಾಹ್ನ, ನೀಲವ್ವ ಮಲಗಿದ ಹೊತ್ತು ನೋಡಿ ಬೇಲಿಯ ಹತ್ತಿರ ಬಂತು. ಹರಳು ತೆಗೆದರೆ ಡಬ್ಬ ಮೂಕಾಗುತ್ತದಲ್ಲ! ಡಬ್ಬ ಅಲುಗದಂತೆ ಮುಂಗಾಲಲ್ಲಿ ಒತ್ತಿ ಹಿಡಿದು, ಮೂತಿ ತೂರಿಸಿ ಒಂದೊಂದೇ ಹರಳು ಕಚ್ಚಿ ತೆಗೆದು ಹುಲ್ಲಿನ ಮೇಲಿಟ್ಟಿತು. ತನ್ನ ಜಾಣತನವನ್ನು ತಾನೇ ಹೊಗಳಿಕೊಂಡಿತು. ತಳದಲ್ಲಿ ನಾಲ್ಕು ಹರಳು ಉಳಿದವು. ಇನ್ನಷ್ಟು ತೂರಿತು. ಕಿವಿಗಳೂ ಒಳಗೆ ಹೋದವು. ಹರಳೂ ಸಿಗಲಿಲ್ಲ, ತಲೆಯೂ ಹೊರಗೆ ಬರಲಿಲ್ಲ. ಜಗ್ಗಿದ ಜಗ್ಗಿಗೆ ಹಗ್ಗ ಹರಿಯಿತು. ಡಬ್ಬ ಹೊತ್ತುಕೊಂಡು ನರಿ ಹೊಲದ ತುಂಬ ಓಡಿತು, ಗಡಗಡ, ಗಡಗಡ.

ಕಾಡಿಗೆ ಕಾಡೇ ಬಂದು ನಿಂತಿತು. ಹೆಗ್ಗಣ ಮುಂದೆ ಬಂದು, "ನೀಲವ್ವಾ, ನನಗ ಇಷ್ಟು ದೊಡ್ಡ ಬಾಲ ಯಾವಾಗ ಬಂತವಾ?" ಎಂದು ಕೇಳಿತು.

"ತಂಗೀ, ತೆಗಿಯವಾ" ಎಂದು ನರಿ ಡಬ್ಬದೊಳಗಿಂದ ಗೋಗರೆಯಿತು.

ನೀಲವ್ವ ಅದರ ಸುತ್ತ ಒಂದು ಸುತ್ತು ಬಂದಳು. ಮೂಸಿದಳು. ಡಬ್ಬವನ್ನು ಬಡಿದು ನೋಡಿದಳು. ಗಡಗಡ ಎಂದದ್ದೇ ತಡ, ಹೊಲಕ್ಕಿಳಿದಿದ್ದ ಕಾಗೆಗಳೆಲ್ಲ ಹಾರಿಹೋದವು. ನೀಲವ್ವನ ಕಣ್ಣು ಅರಳಿತು.

"ತೆಗೀತೀನಿ ಅಣ್ಣಾ. ಮೂರು ದಿನ ಇಟ್ಟು ನೋಡೂಣು. ನೀನೂ ಯಾವುದಕ್ಕಾದರೂ ಬರಬಹುದು."

ಶೇಂಗಾ ಕಿತ್ತು ಒಣಗಿಸುವವರೆಗೆ ನರಿ ಹೊಲದ ನಡುವೆ ಬೆದರುಬೊಂಬೆಯಾಗಿ ನಿಂತಿತು. ನೀಲವ್ವ ಡಬ್ಬದ ತಳದಲ್ಲಿ ತುಕ್ಕು ತಿಂದಿದ್ದ ಸಣ್ಣ ತೂತಿನಿಂದ ಗಂಜಿ ಹೊಯ್ಯುತ್ತಿದ್ದಳು. ಒಂದು ಕಾಗೆಯೂ ಇಳಿಯಲಿಲ್ಲ. ಮೂರನೆಯ ದಿನ ಔಡಲೆಣ್ಣೆ ಹಚ್ಚಿ ಡಬ್ಬ ಎಳೆದಳು. ನರಿ ಹಿಂದೆ ನೋಡದೆ ಓಡಿತು. ಡಬ್ಬ ಮತ್ತೆ ಬೇಲಿಗೆ ಹೋಯಿತು.

ನೀತಿ: ಕುತೂಹಲದಿಂದ ನೋಡುವವರಿಗೆ ಕಸವೂ ಕೆಲಸಕ್ಕೆ ಬರುತ್ತದೆ, ಮೋಸಗಾರನಿಗೆ ಅವನ ಜಾಣತನವೇ ಕೊರಳಿಗೆ ಸಿಕ್ಕಿಕೊಳ್ಳುತ್ತದೆ.