ಗೆರೆಯಿಲ್ಲದ ಹೆಬ್ಬೆಟ್ಟು

ಬೆಟ್ಟದ ತಪ್ಪಲಿನ ಆ ಆಶ್ರಮದಲ್ಲಿ ಒಂದು ಕಾಲಕ್ಕೆ ಊಟಕ್ಕೆ ನಲವತ್ತು ಎಲೆ ಬೀಳುತ್ತಿದ್ದವು. ಈಗ ಬೀಳುವುದು ಒಂದೇ. ಅದು ಗುರುಗಳದು.

ಶಿಷ್ಯರು ಒಬ್ಬೊಬ್ಬರಾಗಿ ಹೊರಟುಹೋದರು. ಹೋದವರಲ್ಲಿ ಮೃತ್ಯುಂಜಯನೂ ಒಬ್ಬ.

ಮೃತ್ಯುಂಜಯ ಎಂಬುದು ಅವನ ಹೆಸರೇ ಅಲ್ಲ. ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಈ ಆಶ್ರಮಕ್ಕೆ ಓಡಿಬಂದವನು, ನಿಜ ಹೆಸರು ಹೇಳಿದರೆ ಗುರುಗಳು ಹಿಂದಕ್ಕೆ ಕಳಿಸುತ್ತಾರೆಂದು ಹೆದರಿ, ದಾರಿಯಲ್ಲಿ ಲಾರಿಯೊಂದರ ಹಿಂದೆ ಓದಿದ್ದ ಹೆಸರನ್ನು ಹೇಳಿಬಿಟ್ಟಿದ್ದ. ಆ ಹೆಸರಿನಲ್ಲೇ ಓದಿದ. ಆ ಹೆಸರಿನಲ್ಲೇ ದೊಡ್ಡ ಅಧಿಕಾರಿಯಾದ. ಹೆಂಡತಿಗೂ ಹೇಳಲಿಲ್ಲ. ಮೂವತ್ತು ವರ್ಷ ಈ ಗುಟ್ಟನ್ನು ಒಬ್ಬನೇ ಹೊತ್ತು ತಿರುಗಿದ. ಯಾರಾದರೂ ಹೆಸರು ಹಿಡಿದು ಕೂಗಿದಾಗಲೆಲ್ಲ, ಕರೆದದ್ದು ಪಕ್ಕದವನನ್ನು ಎಂದು ಅವನಿಗೆ ಅನ್ನಿಸುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಅವನು ಆಶ್ರಮಕ್ಕೆ ಬಂದ. ಗುರುಗಳಿಗೆ ರೇಷ್ಮೆಯ ಶಾಲು ಹೊದಿಸಿ ಕಾಲಿಗೆ ಬಿದ್ದ. ಕೆಂಪು ದಾರ ಕಟ್ಟಿದ ದಪ್ಪ ಕಡತವೊಂದನ್ನು ಮುಂದಿಟ್ಟ.

“ಏನಪ್ಪ ಇದು?”

“ದೇಶದ ನೀತಿ, ಗುರುಗಳೇ. ವ್ಯಾಪಾರ, ಉದ್ಯಮ ನಡೆಸುವವರು ದುಡಿಯುವ ಜನರ ಹಕ್ಕನ್ನು ಹೇಗೆ ಕಾಯಬೇಕು ಅಂತ. ಮೂರು ವರ್ಷ ಕೂತು ಬರೆದಿದ್ದೇನೆ. ಸೋಮವಾರ ಮಂತ್ರಿಗಳ ರುಜು ಬೀಳುತ್ತದೆ. ಅದಕ್ಕೆ ಮೊದಲು ನಿಮ್ಮ ಕೈ ಸೋಕಲಿ ಅಂತ ತಂದೆ.”

“ನನಗೆ ಈಗ ಅಕ್ಷರ ಕಾಣುವುದಿಲ್ಲ. ಬಾಯಲ್ಲಿ ಹೇಳು.”

“ಮೂರೇ ಮಾತು. ಸರ್ಕಾರ ಜನರನ್ನು ಕಾಪಾಡಬೇಕು. ಮಾಲೀಕರು ಜನರನ್ನು ನೋಯಿಸಬಾರದು. ನೋವಾದವರಿಗೆ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲು ಇರಬೇಕು.”

“ಒಳ್ಳೆಯ ಮಾತು. ಆ ಬಾಗಿಲು ತೆರೆದು ನೋಡಿದೆಯಾ?”

“ನೋಡಿದೆ. ಇಲ್ಲೇ ಕೆಳಗಿನ ರೇಷ್ಮೆ ಪೇಟೆಯಲ್ಲಿ ಒಂದು ವರ್ಷ ದೂರು ಕಚೇರಿ ಇಟ್ಟೆವು. ನೂಲು ತೆಗೆಯುವವರು ಏಳುನೂರು ಜನ ಇದ್ದಾರೆ. ಒಂದೇ ಒಂದು ದೂರು ದಾಖಲಾಗಿಲ್ಲ.” ಮೃತ್ಯುಂಜಯ ಹೆಮ್ಮೆಯಿಂದ ಕಡತ ತಟ್ಟಿದ. “ಅಲ್ಲಿ ಎಲ್ಲ ನೆಟ್ಟಗಿದೆ ಅಂತ ಬರೆದಿದ್ದೇನೆ.”

ಗುರುಗಳು ಶಾಲು ತೆಗೆದು ಮಡಿಸಿ ಪಕ್ಕಕ್ಕಿಟ್ಟರು.

“ಬಾವಿಯಿಂದ ಒಂದು ಬಕೆಟ್ ನೀರು ಸೇದಿಡು.”

“ಯಾರಿಗೆ?”

“ಬರುವವರಿಗೆ.”

ಅವನು ಸೇದಿಟ್ಟ. ಎಷ್ಟೋ ವರ್ಷದ ಮೇಲೆ ಹಗ್ಗ ಹಿಡಿದ ಅಂಗೈ ಚುರುಚುರು ಎಂದಿತು.

ಹೊತ್ತು ಇಳಿಯುವಾಗ ಒಬ್ಬ ಹೆಂಗಸು ಬಂದಳು. ಬಕೆಟ್ಟಿನ ಪಕ್ಕ ಕೂತು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ನೀರಿಗೆ ಇಳಿಬಿಟ್ಟು ಕಣ್ಣು ಮುಚ್ಚಿದಳು.

“ಅಕ್ಕಯ್ಯಮ್ಮ. ರೇಷ್ಮೆ ಪೇಟೆಯವಳು,” ಎಂದರು ಗುರುಗಳು ಮೆಲ್ಲಗೆ. “ಇಪ್ಪತ್ತೆರಡು ವರ್ಷದಿಂದ ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುತ್ತಾಳೆ. ದಿನಾ ಬರುತ್ತಾಳೆ, ಕೈ ತಣಿಸಿಕೊಂಡು ಹೋಗುತ್ತಾಳೆ. ಕರೆದರೂ ಊಟಕ್ಕೆ ನಿಲ್ಲುವುದಿಲ್ಲ.”

ಆಮೇಲೆ ಗಟ್ಟಿಯಾಗಿ, “ಅಕ್ಕಯ್ಯಮ್ಮ, ಈ ಶಾಲು ಹೇಗಿದೆ ನೋಡಮ್ಮ,” ಎಂದರು.

ಅವಳು ಕೈ ಒರೆಸಿಕೊಂಡು ಎದ್ದು ಬಂದಳು. ಶಾಲನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

“ಒಳ್ಳೆ ನೂಲು, ಬುದ್ಧಿ. ನಮ್ಮ ಪೇಟೇದೇ.”

“ಕೈಯಲ್ಲಿ ಮುಟ್ಟಿ ನೋಡಬಾರದೇ?” ಎಂದ ಮೃತ್ಯುಂಜಯ.

“ಬೆಟ್ಟಿಗೆ ಏನೂ ಗೊತ್ತಾಗಲ್ಲ ಸ್ವಾಮಿ, ಸತ್ತೋಗವೆ. ಅಂಗೈ ಉರಿ ಮಾತ್ರ ಹೋಗಲ್ಲ.”

ಗುರುಗಳು ಒಳಗಿನಿಂದ ಅನ್ನದ ಪಾತ್ರೆ ತಂದು ಅದರ ತಳದ ಮಸಿ ತೋರಿಸಿದರು. “ಇದನ್ನು ಹಚ್ಚಿಕೊಂಡು ಈ ಕಡತದ ಮೇಲೆ ಒಂದು ಹೆಬ್ಬೆಟ್ಟು ಒತ್ತಮ್ಮ.”

ಅಕ್ಕಯ್ಯಮ್ಮ ಒತ್ತಿದಳು. ರಟ್ಟಿನ ಮೇಲೆ ಕಪ್ಪನೆಯ ಒಂದು ಬೊಟ್ಟು ಮೂಡಿತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

“ಸರಿಯಾಗಿ ಬಿದ್ದಿಲ್ಲ. ಇನ್ನೊಂದು ಸಲ ಒತ್ತಿ,” ಎಂದ ಮೃತ್ಯುಂಜಯ.

ಅವಳು ನಕ್ಕಳು.

“ದೂರಿನ ಆಫೀಸಲ್ಲೂ ಹಿಂಗೇ ಅಂದ್ರು ಸ್ವಾಮಿ. ರೇಷನ್ ಅಂಗಡೀಲಿ ಇರೋ ಥರದ್ದೇ ಮೆಷಿನ್ನು. ಮೂರು ಸಲ ಬೆಟ್ಟಿಟ್ಟೆ, ಮೂರು ಸಲಾನೂ ಕೆಂಪು ದೀಪ. ನೀನು ನೀನೇ ಅಂತ ಹೇಳೋಕೆ ಯಾರಾದ್ರೂ ಇದಾರಾ ಅಂದ್ರು. ಗಂಡ ಇಲ್ಲ, ಮಕ್ಕಳಿಲ್ಲ. ಜೊತೇಲಿ ಕೆಲಸ ಮಾಡೋರನ್ನ ಕರ್ಕೊಂಡೋದ್ರೆ ಅವರ ಬೆಟ್ಟೂ ಇಷ್ಟೇ. ನಾನು ನಾನೇ ಅನ್ನೋಕೆ ಯಾರೂ ಇಲ್ಲ ಅಂದೆ. ಎದ್ದು ಬಂದೆ.”

“ಏನಂತ ದೂರು ಕೊಡಬೇಕಿತ್ತು?”

“ಕೈಗೆ ಎಳೆ ಸಿಗ್ತಿಲ್ಲ, ಕೆಲಸ ಬಿಡು ಅಂದವ್ರೆ. ಕಾರ್ಖಾನೆಯವರು ಕೊಟ್ಟಿರೋ ಮನೇನೂ ಬುಧವಾರ ಖಾಲಿ ಮಾಡ್ಬೇಕು. ಕೈ ಹೋಗಿದ್ದು ಅವರ ನೀರಲ್ಲೇ ಅಲ್ವಾ, ಅದೊಂದು ಮಾತು ಯಾರಿಗಾದ್ರೂ ಹೇಳಾನ ಅಂತ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ, ಬಿಡಿ.”

ಅವಳು ಮತ್ತೆ ಬಕೆಟ್ಟಿನ ಹತ್ತಿರ ಹೋಗಿ ಕೂತಳು. ಬೆನ್ನು ಇವರ ಕಡೆಗಿತ್ತು.

ಮೃತ್ಯುಂಜಯನ ಮುಖ ಇಳಿದುಹೋಗಿತ್ತು. “ಅದು ಗುಮಾಸ್ತನ ತಪ್ಪು, ಗುರುಗಳೇ.”

“ಮೆಷಿನ್ ಇಡಿ ಅಂದವರು ಯಾರು?”

ಅವನು ಕಡತದ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

“ನಾನೇ. ಗುರುತು ಕೇಳದಿದ್ದರೆ ಸುಳ್ಳು ದೂರು ಬರುತ್ತವೆ ಅಂತ ಮಾಲೀಕರ ಸಂಘದವರು ಹೇಳಿದರು. ನ್ಯಾಯವಾಗಿ ಕಂಡಿತು, ಬರೆದೆ. ಈಗ ಇಡೀ ದೇಶಕ್ಕೆ ಅದೇ ನಿಯಮ.”

“ನೂಲು ತೆಗೆಯುವವರನ್ನು ಕೇಳಿದೆಯಾ?”

“ರಾಜಧಾನಿಯಲ್ಲಿ ಸಭೆ ಕರೆದಿದ್ದೆವು. ಅವರು ಯಾರೂ ಬರಲಿಲ್ಲ.”

ಗುರುಗಳು ಬಕೆಟ್ಟಿನ ಕಡೆ ನೋಡಿದರು.

“ಇವರ ದೂರನ್ನು ನಾನೇ ಬರೆದುಕೊಳ್ಳುತ್ತೇನೆ,” ಎಂದ ಅವನು ಅವಸರವಾಗಿ. “ಬುಧವಾರ ಮನೆ ಖಾಲಿ ಮಾಡಿಸುವುದನ್ನು ತಡೆಯುತ್ತೇನೆ.”

“ಬರೆದುಕೋ. ಮಿಕ್ಕವರು ಯಾವ ಬಾವಿಗೆ ಹೋಗಬೇಕು?”

“ಒಂದು ಸಾಲು ಅಳಿಸಿದರೂ ಈ ಕಡತ ಮತ್ತೆ ಹನ್ನೊಂದು ಮೇಜು ಸುತ್ತಬೇಕು. ಅಷ್ಟರಲ್ಲಿ ಚುನಾವಣೆ ಬಂದರೆ ನೀತಿಯೇ ಹೊರಬರದೆ ಹೋಗಬಹುದು. ಮೂರು ವರ್ಷ, ಗುರುಗಳೇ. ನನ್ನ ಮೂರು ವರ್ಷ.”

ಗುರುಗಳು ಎದ್ದರು. ಜಗುಲಿ ಗುಡಿಸಿ ಮೂರು ಎಲೆ ಹಾಕಿದರು. ಅಕ್ಕಯ್ಯಮ್ಮನನ್ನು ಕೂಗಿದರು. ಏನನ್ನಿಸಿತೋ, ಅವತ್ತು ಅವಳು ಬೇಡವೆನ್ನದೆ ಬಂದು ಕೂತಳು. ಅವಳ ಅನ್ನವನ್ನು ಗುರುಗಳು ಮೊದಲೇ ತಟ್ಟೆಯಲ್ಲಿ ಆರಲು ಇಟ್ಟಿದ್ದರು. ಬಿಸಿ ಅವಳ ಬೆಟ್ಟಿಗೆ ತಿಳಿಯದು, ನಾಲಿಗೆ ಸುಟ್ಟ ಮೇಲೆಯೇ ತಿಳಿಯುವುದು. ಮೃತ್ಯುಂಜಯ ಅದನ್ನು ನೋಡಿದ.

ಅವನು ಕೆಂಪು ದಾರ ಬಿಚ್ಚಿ ಮೆಷಿನ್ನಿನ ನಿಯಮವಿದ್ದ ಹಾಳೆ ಹುಡುಕಿದ. ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲಿಟ್ಟ. ಕೈ ಅಲ್ಲೇ ನಿಂತಿತು.

“ಗುರುಗಳೇ, ಯಾರು ಏನು ಅಂತ ಕೇಳದೆ ಬಾಗಿಲು ತೆರೆದರೆ ಸುಳ್ಳು ಹೇಳುವವರೂ ಒಳಗೆ ಬರುತ್ತಾರೆ. ಆಗ ಏನು ಮಾಡಲಿ?”

ಗುರುಗಳು ಅವನ ಎಲೆಗೆ ನೀರು ಚಿಮುಕಿಸಿ ಅನ್ನ ಬಡಿಸಿದರು.

“ಬಂದ ದಿನ ನೀನು ಹೇಳಿದ ಹೆಸರು ನಿನ್ನದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಎಲೆ ಹಾಕಲಿಲ್ಲವೇನಪ್ಪ?”